ಸೋಸೆಕಿ ಆಡದ ಮಾತು

ಟೋಕಿಯೊದ ಒಂದು ತರಗತಿ, ಮೇಜಿ ಕಾಲ. ಇಂಗ್ಲಿಷ್ ಮೇಷ್ಟ್ರು ನತ್ಸುಮೆ ಸೋಸೆಕಿ ‘ಐ ಲವ್ ಯೂ’ ಎಂಬ ವಾಕ್ಯ ಕೊಟ್ಟು ಅನುವಾದಿಸಲು ಹೇಳುತ್ತಾರೆ. ಹುಡುಗನೊಬ್ಬ ಪದಕ್ಕೆ ಪದವಿಟ್ಟು ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂದು ಬರೆಯುತ್ತಾನೆ. ಮೇಷ್ಟ್ರು ಒಪ್ಪುವುದಿಲ್ಲ. ಜಪಾನಿನವರು ಹಾಗೆ ಬಾಯಿಬಿಟ್ಟು ಹೇಳುವ ಜನವಲ್ಲ. ‘ಚಂದ್ರ ಎಷ್ಟು ಚೆಂದ ಕಾಣ್ತಿದ್ದಾನಲ್ಲ’ ಎಂದು ಬರಿ, ಅವಳಿಗೆ ಅರ್ಥವಾಗುತ್ತದೆ ಎನ್ನುತ್ತಾರೆ.

ಅನುವಾದದ ಬಗ್ಗೆ ಎಲ್ಲಿ ಮಾತನಾಡಿದರೂ ನಾನು ಈ ಕಥೆ ಹೇಳುತ್ತಿದ್ದೆ. ಕನ್ನಡದ ಕಿವಿಗೆ ಅದು ಚೆನ್ನಾಗಿ ಹಿಡಿಸುತ್ತದೆ. ‘ಪ್ರೀತಿಸುತ್ತೇನೆ’ ಎಂಬ ಕ್ರಿಯಾಪದ ನಮ್ಮಲ್ಲೂ ಪುಸ್ತಕದಿಂದ ಇಳಿದು ಬಂದ ಹಾಗೆ ಬಿಗಿಯಾಗಿಯೇ ನಿಲ್ಲುತ್ತದಲ್ಲ. ಒಂದು ಸಲ ಮಾತು ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬಳು ಹತ್ತಿರ ಬಂದು, ‘ಇದು ಸೋಸೆಕಿಯ ಯಾವ ಪುಸ್ತಕದಲ್ಲಿದೆ ಸರ್?’ ಎಂದು ಕೇಳಿದಳು. ಉತ್ತರ ನನ್ನಲ್ಲಿರಲಿಲ್ಲ. ಹುಡುಕಾಟ ಶುರುವಾದದ್ದು ಅವತ್ತು.

ಮೊದಲು ನೋಡಿದ್ದು ಸೋಸೆಕಿಯ ಮೇಷ್ಟ್ರಗಿರಿಯನ್ನು. 1895ರಲ್ಲಿ ಮತ್ಸುಯಾಮದ ಮಾಧ್ಯಮಿಕ ಶಾಲೆ, ಮರುವರ್ಷ ಕುಮಮೊತೊದ ಐದನೇ ಹೈಸ್ಕೂಲು. 1900ರಿಂದ 1902ರವರೆಗೆ ಸರ್ಕಾರದ ಖರ್ಚಿನಲ್ಲಿ ಲಂಡನ್. ಹಿಂದಿರುಗಿದ ಮೇಲೆ, 1903ರಿಂದ, ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಲಾಫ್ಕಾಡಿಯೊ ಹರ್ನ್ ಬಿಟ್ಟುಹೋದ ಜಾಗ. 1907ರಲ್ಲಿ ಆ ಕೆಲಸ ಬಿಟ್ಟು ಅಸಾಹಿ ಪತ್ರಿಕೆಗೆ ಸೇರಿ ಪೂರ್ತಿ ಕಾದಂಬರಿಕಾರನಾದ. ಅಂದರೆ ಕಥೆಯ ಆ ತರಗತಿ ಇದ್ದಿದ್ದೇ ಆದರೆ 1907ಕ್ಕೆ ಮೊದಲು ಎಲ್ಲೋ ಇರಬೇಕು.

ಸೋಸೆಕಿಯ ವಿಷಯದಲ್ಲಿ ದಾಖಲೆಗೆ ಬರವಿಲ್ಲ. ಹೆಂಡತಿ ಕ್ಯೋಕೊ ಹೇಳಿ ಬರೆಸಿದ ನೆನಪುಗಳು 1928ರಲ್ಲೇ ಪುಸ್ತಕವಾದವು. ಗುರುವಾರಗಳಂದು ಮನೆಯಲ್ಲಿ ಸೇರುತ್ತಿದ್ದ ಶಿಷ್ಯರಲ್ಲಿ ಕೊಮಿಯ ತೊಯೊತಕ, ಮೊರಿತ ಸೊಹೆಯಂಥವರು ಗುರುವಿನ ಸಿಡುಕನ್ನೂ ಹೊಟ್ಟೆನೋವನ್ನೂ ಬಿಡದೆ ಬರೆದಿಟ್ಟಿದ್ದಾರೆ. ಕಾದಂಬರಿಗಳು, ಪ್ರಬಂಧಗಳು ಆವೊಜೊರಾ ಬುಂಕೊ ಎಂಬ ಉಚಿತ ಗ್ರಂಥಭಂಡಾರದಲ್ಲಿ ಪದ ಹಾಕಿ ಹುಡುಕಬಹುದಾದ ರೂಪದಲ್ಲಿವೆ. ಜಪಾನಿ ಬಲ್ಲ ಗೆಳೆಯರೊಬ್ಬರು ಪಕ್ಕದಲ್ಲಿ ಕುಳಿತರು, ನಾನು ಇಂಗ್ಲಿಷ್ ಅನುವಾದಗಳನ್ನು ಹರಡಿಕೊಂಡೆ. ಚಂದ್ರ ನೂರೆಂಟು ಕಡೆ ಸಿಕ್ಕ. ಆ ತರಗತಿ ಎಲ್ಲೂ ಸಿಗಲಿಲ್ಲ. ಸೋಸೆಕಿಯ ಬರಹದಲ್ಲಿಲ್ಲ, ಶಿಷ್ಯರ ನೆನಪುಗಳಲ್ಲೂ ಇಲ್ಲ.

ಹಾಗಾದರೆ ಎಲ್ಲಿಂದ ಬಂತು? ಜಪಾನಿನ ನಿಘಂಟುಕಾರರೂ ಓದುಗರೂ ಇದೇ ಪ್ರಶ್ನೆಯನ್ನು ಬೆನ್ನಟ್ಟಿ ಒಂದು ಪತ್ರಿಕೆಯವರೆಗೆ ಹೋಗಿದ್ದಾರೆ: ‘ಕಿಸೊ ತೆಂಗೈ’ ಎಂಬ ವೈಜ್ಞಾನಿಕ ಕಥೆಗಳ ಮಾಸಿಕ, 1977ರ ಸಂಚಿಕೆ. ಅದರಲ್ಲಿ ತೊಯೊತ ಅರಿತ್ಸುನೆ ಎಂಬ ಕಥೆಗಾರ ಈ ತರಗತಿಯ ಪ್ರಸಂಗ ಹೇಳುತ್ತಾನೆ. ಸೋಸೆಕಿ ತೀರಿಕೊಂಡದ್ದು 1916ರ ಡಿಸೆಂಬರ್ 9ರಂದು. ನಡುವೆ ಅರವತ್ತೊಂದು ವರ್ಷ. ಅದಕ್ಕಿಂತಲೂ ನನ್ನನ್ನು ತಡೆದು ನಿಲ್ಲಿಸಿದ್ದು ಆ ಬರಹದ ಚಂದ್ರ. ಅಲ್ಲಿ ಅವನು ‘ಚೆಂದ’ ಅಲ್ಲ, ‘ನೀಲಿ’. 1955ರಲ್ಲಿ ಸುಗವರ ತ್ಸುಝುಕೊ ಹಾಡಿ ಮನೆಮಾತಾದ ಒಂದು ಗೀತೆಯ ಹೆಸರಿನಲ್ಲೂ ಇದೇ ತುಂಬ ನೀಲಿಯಾದ ಚಂದ್ರ ಇದ್ದಾನೆ. ಜನಪ್ರಿಯ ಹಾಡಿನ ಚಂದ್ರ ಸತ್ತ ಮೇಷ್ಟ್ರ ಬಾಯಿಗೆ ಬಂದ, ಆಮೇಲೆ ಬಾಯಿಂದ ಬಾಯಿಗೆ ದಾಟುವಾಗ ನೀಲಿ ತೊಳೆದುಹೋಗಿ ಚೆಂದ ಉಳಿಯಿತು ಎಂದು ನನ್ನ ಊಹೆ.

ಈ ಕಥೆಗೊಂದು ಜೋಡಿ ಕಥೆಯೂ ಇದೆ. ಸೋಸೆಕಿಯ ಸಮಕಾಲೀನ ಫುತಬತೆಯ್ ಶಿಮೆಯ್ ಅದೇ ‘ಐ ಲವ್ ಯೂ’ವನ್ನು ‘ಸತ್ತರೂ ಸರಿ’ ಎಂದು ಅನುವಾದಿಸಿದ ಎನ್ನುತ್ತಾರೆ. ಇದಕ್ಕೆ ಅಚ್ಚಾದ ಆಧಾರವಿದೆ, ಆದರೆ ವಾಕ್ಯ ಬೇರೆ. ಫುತಬತೆಯ್ ರಷ್ಯನ್ ಬಲ್ಲವನು. 1896ರಲ್ಲಿ ಅವನು ತುರ್ಗೆನೆವ್‌ನ ‘ಆಸ್ಯ’ವನ್ನು ಜಪಾನಿಗೆ ತಂದ. ಅಲ್ಲಿ ಹುಡುಗಿ ಪಿಸುಗುಡುವುದು ರಷ್ಯನ್‌ನ ಒಂದೇ ಒಂದು ಪದ. ನಾನು ನಿಮ್ಮವಳು ಎಂಬಷ್ಟು ಅರ್ಥ. ಅದಕ್ಕೆ ಅವನು ಆ ಸಾವಿನ ಮಾತು ಇಟ್ಟ. ಮೂಲದಲ್ಲಿ ಇಂಗ್ಲಿಷೂ ಇಲ್ಲ, ‘ಪ್ರೀತಿ’ ಎಂಬ ಪದವೂ ಇಲ್ಲ.

ಇಲ್ಲಿಗೆ ಬಿಟ್ಟುಬಿಡಬಹುದಿತ್ತು. ಆದರೆ ಸೋಸೆಕಿಯೇ ‘ಐ ಲವ್ ಯೂ’ ಎಂಬ ವಾಕ್ಯದ ಬಗ್ಗೆ ಏನಾದರೂ ಯೋಚಿಸಿದ್ದನೇ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದರ ಉತ್ತರ ಒಂದು ಪುಸ್ತಕದ ಅಂಚಿನಲ್ಲಿತ್ತು. ಸೋಸೆಕಿ ಓದುತ್ತಿದ್ದ ಸುಮಾರು 3,000 ಸಂಪುಟಗಳು ಇವತ್ತು ಸೆಂದೈ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿವೆ. ಶಿಷ್ಯ ಕೊಮಿಯ ಅಲ್ಲಿನ ಗ್ರಂಥಾಲಯದ ಮುಖ್ಯಸ್ಥನಾಗಿದ್ದಾಗ, ಯುದ್ಧದ ನಡುವೆ, ಅವನ್ನು ಟೋಕಿಯೊದಿಂದ ಸಾಗಿಸಿದ. 1945ರ ಮೇ ತಿಂಗಳ ಬಾಂಬ್ ದಾಳಿಯಲ್ಲಿ ಟೋಕಿಯೊದ ವಸೆದದಲ್ಲಿದ್ದ ಸೋಸೆಕಿಯ ಮನೆ ಸುಟ್ಟುಹೋಯಿತು, ಪುಸ್ತಕಗಳು ಉಳಿದವು. ಕೊಮಿಯನ ಆ ಕೆಲಸವನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಓದುವಾಗ ಅಂಚಿನಲ್ಲಿ ಜಗಳವಾಡುವುದು ಸೋಸೆಕಿಯ ಅಭ್ಯಾಸ. ಆ ಟಿಪ್ಪಣಿಗಳೂ ಸಮಗ್ರ ಕೃತಿಗಳಲ್ಲಿ ಅಚ್ಚಾಗಿವೆ. ಜಾರ್ಜ್ ಮೆರೆಡಿತ್‌ನ ‘ವಿಟೋರಿಯಾ’ ಕಾದಂಬರಿಯಲ್ಲಿ ಈ ಇಂಗ್ಲಿಷ್ ವಾಕ್ಯ ಬಂದ ಕಡೆ ಅವನು ಗುರುತು ಮಾಡಿಕೊಂಡಿದ್ದಾನೆ: ಇದು ಜಪಾನಿನಲ್ಲಿ ಇಲ್ಲದ ಸೂತ್ರ ಎಂಬರ್ಥದಲ್ಲಿ. ‘ಸೂತ್ರ’ಕ್ಕೆ ಬಳಸಿದ್ದು ‘ಫಾರ್ಮ್ಯುಲಾ’ ಎಂಬ ಇಂಗ್ಲಿಷ್ ಪದವನ್ನೇ. ಅಷ್ಟೇ ಟಿಪ್ಪಣಿ. ಚಂದ್ರನ ಸುದ್ದಿ ಇಲ್ಲ, ಬದಲಿ ವಾಕ್ಯ ಇಲ್ಲ.

ಅಂಚಿನ ಆ ಮಾತು ಕಾದಂಬರಿಗಳಲ್ಲಿ ಬೆಳೆದಿದೆ. 1908ರ ‘ಸನ್‌ಶಿರೊ’ದಲ್ಲಿ ಕರುಣೆಯೂ ಪ್ರೀತಿಯೂ ನೆಂಟರು ಎಂಬರ್ಥದ ಇಂಗ್ಲಿಷ್ ಮಾತೊಂದನ್ನು ಜಪಾನಿಗೆ ತರುವ ಪಂದ್ಯವೇ ನಡೆಯುತ್ತದೆ. ಯೊಜಿರೊ ಅದನ್ನು ಬೀದಿಹಾಡಿನ ಧಾಟಿಗೆ ಇಳಿಸುತ್ತಾನೆ, ಪ್ರೊಫೆಸರ್ ಹಿರೊತ ಛೀ ಎನ್ನುತ್ತಾನೆ. ದಂತಕಥೆಯ ಸಿಡುಕು ಮೇಷ್ಟ್ರು ಹುಟ್ಟಿದ್ದು ಈ ದೃಶ್ಯದಿಂದಲೇ ಇರಬಹುದು.

ಮರುವರ್ಷದ ‘ಸೊರೆಕರ’ದಲ್ಲಿ ದೈಸುಕೆ ಗೆಳೆಯನ ಹೆಂಡತಿ ಮಿಚಿಯೊಳನ್ನು ಪ್ರೀತಿಸುತ್ತಾನೆ. ಪಾಶ್ಚಾತ್ಯ ಕಾದಂಬರಿಗಳ ಪ್ರಣಯದ ಮಾತುಗಳು ತೀರ ಬಯಲು, ಜಪಾನಿಗೆ ಅನುವಾದಿಸಲಾಗದ ರುಚಿ ಎಂದು ಅವನಿಗೆ ಹಿಂದಿನಿಂದಲೂ ಅನ್ನಿಸಿದೆ. ಹಡಗಿನಲ್ಲಿ ಬಂದಿಳಿದ ಸಂಭಾಷಣೆ ತಮಗೆ ಬೇಡ, ತಮ್ಮಿಬ್ಬರ ನಡುವೆ ದಿನನಿತ್ಯದ ಮಾತೇ ಸಾಕು ಎಂದುಕೊಳ್ಳುತ್ತಾನೆ.

ಇಲ್ಲಿ ನಾನು ಬಹಳ ಹೊತ್ತು ನಿಂತೆ. ದಂತಕಥೆಯ ಸೋಸೆಕಿ ಮಾತನ್ನು ಚಂದ್ರನ ಹಿಂದೆ ಬಚ್ಚಿಡಲು ಕಲಿಸುತ್ತಾನೆ. ದಾಖಲೆಯ ಸೋಸೆಕಿ ಹಾಗೆ ಮಾಡುವುದಿಲ್ಲ. ದೈಸುಕೆ ಬಿಳಿ ಲಿಲ್ಲಿ ಹೂಗಳನ್ನು ಕೊಂಡು ತಂದು ಕೋಣೆಯಲ್ಲಿಟ್ಟು ಮಿಚಿಯೊಳನ್ನು ಕರೆಸುತ್ತಾನೆ. ಹೊರಗೆ ಮಳೆ. ಅಲಂಕಾರವಿಲ್ಲದ ಸಾದಾ ಮಾತಿನಲ್ಲಿ, ತನ್ನ ಇರುವಿಕೆಗೇ ಅವಳು ಬೇಕು ಎಂದು ಮುಖಕ್ಕೆ ಮುಖ ಕೊಟ್ಟು ಹೇಳುತ್ತಾನೆ. ಇಲ್ಲದ ಸೂತ್ರದ ಜಾಗದಲ್ಲಿ ಸೋಸೆಕಿ ಇಟ್ಟದ್ದು ಆ ಮಾತನ್ನು. ಅದನ್ನು ಕೇಳಿ ಅವಳು ಅಳುತ್ತಾಳೆ. ಯಾಕೆ ಇಷ್ಟು ತಡವಾಗಿ ಎಂಬ ನೋವು ಅವಳದು.

ಚಂದ್ರನೂ ಆ ಅಧ್ಯಾಯದಲ್ಲಿದ್ದಾನೆ. ಮಿಚಿಯೊ ಹೋಗಿಯಾಗಿದೆ, ರಾತ್ರಿಯಾಗಿದೆ. ದೈಸುಕೆ ಹಗಲಿನ ಆ ಲಿಲ್ಲಿಗಳನ್ನು ತಂದು ತನ್ನ ಸುತ್ತ ಚೆಲ್ಲಿಕೊಳ್ಳುತ್ತಾನೆ. ಬೆಳದಿಂಗಳಲ್ಲಿ ಬಿಳಿ ಎಸಳುಗಳು ಅಲ್ಲಲ್ಲಿ ಹೊಳೆಯುತ್ತವೆ. ಅವನು ಅವುಗಳ ನಡುವೆ ಒಬ್ಬನೇ ಕುಕ್ಕರಗಾಲಿನಲ್ಲಿ ಕೂರುತ್ತಾನೆ.