ತರ್ದವಾಡಿಯ ಸಾಮಂತ, ಸಾಮ್ರಾಜ್ಯದ ಮೂಲಪುರುಷ : ಇಮ್ಮಡಿ ತೈಲಪ

ಉತ್ತರದಲ್ಲಿ ಭೀಮೆ, ದಕ್ಷಿಣದಲ್ಲಿ ಕೃಷ್ಣೆ. ಇವೆರಡು ಹೊಳೆಗಳ ನಡುವೆ ಹರಡಿರುವ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಭಾಗಗಳ ಎರೆಭೂಮಿಯು ಜೋಳದ ಬೆಳೆಗೆ ಹೆಸರಾದಂತೆ ಶಿಲಾಶಾಸನಗಳಿಗೂ ಹೆಸರಾಗಿದೆ. ಈ ಬಯಲಿನ ಹಲವಾರು ಊರುಗಳು ಹಿಂದೆ ‘ತರ್ದವಾಡಿ ಸಾಸಿರ’ವೆಂಬ ನಾಡಿಗೆ ಸೇರಿದ್ದವು. ಇಂಡಿ ಭಾಗದ ತದ್ದೇವಾಡಿಯೇ ಆ ನಾಡಿಗೆ ಹೆಸರು ಕೊಟ್ಟ ಊರು. ಎರಡು ಶತಮಾನಗಳ ಕಾಲ ಕನ್ನಡ ನಾಡನ್ನಾಳಿದ ಕಲ್ಯಾಣ ಚಾಲುಕ್ಯ ಸಾಮ್ರಾಜ್ಯದ ಬೇರು ಈ ನಾಡಿನಲ್ಲಿದೆಯೆಂಬುದು ಇಲ್ಲಿಯ ಜನರಿಗೇ ಅಷ್ಟಾಗಿ ತಿಳಿದಂತಿಲ್ಲ.

ಹತ್ತನೆಯ ಶತಮಾನದ ನಡುವಿನಲ್ಲಿ ಇದು ಮಾನ್ಯಖೇಟದ ರಾಷ್ಟ್ರಕೂಟರ ನಾಡು. ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣನು ಕ್ರಿ.ಶ. 945ರಲ್ಲಿ ಪಾವಿಟ್ಟಗೆಯಲ್ಲಿ, ಎಂದರೆ ಇಂದಿನ ಸಾಲೋಟಗಿಯಲ್ಲಿ, ವಿದ್ಯಾಶಾಲೆಯೊಂದನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ 27 ನಿವೇಶನಗಳು ಅಲ್ಲಿದ್ದವು. ವಿದ್ಯೆ, ಕೃಷಿ, ದಂಡು ಈ ಮೂರೂ ನೆಲೆಗೊಂಡಿದ್ದ ನಾಡು ಇದು.

ಈ ನೆಲದಲ್ಲಿಯೇ ತೈಲಪನ ಹೆಸರು ಮೊದಲು ಕಾಣಿಸಿಕೊಳ್ಳುತ್ತದೆ. ಬಾಗೇವಾಡಿ ಭಾಗದ ನರಸಲಗಿಯಲ್ಲಿ ದೊರೆತ ಕ್ರಿ.ಶ. 957ರ ಶಾಸನದಲ್ಲಿ ಆತನು ಕೃಷ್ಣನ ಅಧೀನನಾಗಿ ಉಲ್ಲೇಖಿತನಾಗಿದ್ದಾನೆ. 965ರ ಹೊತ್ತಿಗೆ ತರ್ದವಾಡಿ ಸಾಸಿರವನ್ನು ‘ಅಣುಗಜೀವಿತ’ವಾಗಿ ಪಡೆದು ಆಳುತ್ತಿದ್ದನು. ಅಣುಗನೆಂದರೆ ಪ್ರೀತಿಪಾತ್ರನು, ಅರಸನು ತನಗೆ ಪ್ರಿಯನಾದ ದಂಡನಾಯಕನಿಗೆ ಸೇವೆಗಾಗಿ ಬಿಟ್ಟುಕೊಟ್ಟ ನಾಡೇ ಅಣುಗಜೀವಿತ. ನಂಬಿಕೆಯ ಕುರುಹಾಗಿ ಬಂದ ಈ ನಾಡೇ ತೈಲಪನಿಗೆ ಸಾಮ್ರಾಜ್ಯದ ಮೆಟ್ಟಿಲಾಯಿತು.

ಕೃಷ್ಣನು 967ರಲ್ಲಿ ತೀರಿಕೊಂಡ ಬಳಿಕ ರಾಷ್ಟ್ರಕೂಟರ ಬಲ ಕುಗ್ಗಿತು. 972ರಲ್ಲಿ ಮಾಳವದ ಪರಮಾರ ಸೀಯಕನು ಮಾನ್ಯಖೇಟವನ್ನೇ ಸೂರೆಗೊಂಡನು. ಮರುವರ್ಷ, ಶ್ರೀಮುಖ ಸಂವತ್ಸರದಲ್ಲಿ, ತೈಲಪನು ಇಮ್ಮಡಿ ಕರ್ಕನನ್ನು ಸೋಲಿಸಿ ಸಿಂಹಾಸನವನ್ನೇರಿದನು. ಈ ಜಯಕ್ಕೆ ಬಾಹುಬಲವೊಂದೇ ಕಾರಣವಲ್ಲ. ಆತನ ತಾಯಿ ಬೊಂತಾದೇವಿ ಕಲಚುರಿ ಅರಸು ಲಕ್ಷ್ಮಣನ ಮಗಳು; ಹೆಂಡತಿ ಜಾಕವ್ವೆ ರಾಷ್ಟ್ರಕೂಟ ವಂಶದವಳು. ರಕ್ತಸಂಬಂಧ, ಕೈಯಲ್ಲಿದ್ದ ದಂಡು, ಕುಸಿದ ರಾಜಧಾನಿ ಈ ಮೂರೂ ಒಂದೇ ಗಳಿಗೆಯಲ್ಲಿ ಕೂಡಿಬಂದವು. ತಲಕಾಡಿನ ಗಂಗ ಮಾರಸಿಂಹನು ರಾಷ್ಟ್ರಕೂಟ ಕುವರ ಇಂದ್ರನನ್ನು ಪಟ್ಟಕ್ಕೇರಿಸಲು ಮಾಡಿದ ಯತ್ನ ಫಲಿಸಲಿಲ್ಲ. ಆ ಇಂದ್ರನು 982ರಲ್ಲಿ ಶ್ರವಣಬೆಳ್ಗೊಳದಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ತ್ಯಜಿಸಿದನು.

ರಾಜ್ಯವನ್ನು ಪಡೆಯುವುದಕ್ಕಿಂತ ಉಳಿಸಿಕೊಳ್ಳುವುದು ಕಠಿಣವಾದ ಕಾರ್ಯ. ಸೇವುಣ ಭಿಲ್ಲಮನಂಥ ಸಾಮಂತರನ್ನು ತನ್ನ ಕಡೆಗೆ ಸೇರಿಸಿಕೊಂಡ ತೈಲಪನು ಗೋದಾವರಿಯನ್ನು ದಾಟಿ ಬಂದ ಪರಮಾರ ಮುಂಜನನ್ನು ಸೆರೆಹಿಡಿದನು. ಮುಂಜನು ಸೆರೆಯಲ್ಲಿಯೇ ಕೊನೆಗಂಡನು. ಇದರೊಡನೆ ರಾಜ್ಯದ ಉತ್ತರದ ಗಡಿ ಭದ್ರವಾಯಿತು. ಕವಿ ರನ್ನನಿಗೆ ‘ಕವಿಚಕ್ರವರ್ತಿ’ ಬಿರುದನ್ನಿತ್ತವನೂ ತೈಲಪನೇ. ರನ್ನನ ಅಜಿತಪುರಾಣವು 993ರಲ್ಲಿ ಅತ್ತಿಮಬ್ಬೆಯ ಆಶ್ರಯದಲ್ಲಿ ಪೂರ್ಣಗೊಂಡಿತು. 997ರಲ್ಲಿ ತೈಲಪನ ಮಗ ಸತ್ಯಾಶ್ರಯ ಇರಿವಬೆಡಂಗನು ಪಟ್ಟಕ್ಕೆ ಬಂದನು. ಮುಂದೆ ಒಂದನೆಯ ಸೋಮೇಶ್ವರನು ಕಲ್ಯಾಣವನ್ನು ರಾಜಧಾನಿಯಾಗಿ ಬೆಳೆಸಿದನು. ಆರನೆಯ ವಿಕ್ರಮಾದಿತ್ಯನು 1076ರಲ್ಲಿ ತನ್ನದೇ ಆದ ಶಕೆಯನ್ನು ಸ್ಥಾಪಿಸಿದನು. ಅವರೆಲ್ಲರೂ ಏರಿದ್ದು ತೈಲಪನು ಹಾಕಿದ ತಳಹದಿಯ ಮೇಲೆಯೇ.

ಆದರೆ ಆ ತಳಹದಿಯಲ್ಲಿಯೇ ಒಂದು ಬಿರುಕೂ ಇದ್ದಿತು. ಸೇವೆಗಾಗಿ ನಾಡನ್ನೂ ದಂಡನ್ನೂ ಒಬ್ಬನ ಕೈಗೆ ಒಪ್ಪಿಸುವ ಪದ್ಧತಿಯನ್ನು ತೈಲಪನ ವಂಶದವರೂ ಬಿಡಲಿಲ್ಲ. ಬಿಟ್ಟರೆ ಅಷ್ಟು ವಿಸ್ತಾರವಾದ ರಾಜ್ಯವನ್ನು ಆಳುವ ಬೇರೆ ದಾರಿಯೂ ಅವರಿಗಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಅದೇ ತರ್ದವಾಡಿ ಸಾಸಿರವು ಕರಹಾಡ ನಾಲ್ಕುಸಾಸಿರದೊಡನೆ ಮಂಗಳವಾಡದ ಕಲಚುರಿ ಬಿಜ್ಜಳನ ಆಡಳಿತಕ್ಕೆ ಸೇರಿತು. ತೈಲಪನ ತಾಯಿಯ ತವರಿನ ಹೆಸರನ್ನೇ ಹೊತ್ತ ಈ ಮಹಾಮಂಡಲೇಶ್ವರನು 1157ರ ಸುಮಾರಿಗೆ ಸ್ವತಂತ್ರನಾಗಿ, 1162ರ ವೇಳೆಗೆ ಸಾರ್ವಭೌಮ ಬಿರುದುಗಳನ್ನು ಧರಿಸಿದನು. ಸಿಂಹಾಸನವನ್ನು ಕಳೆದುಕೊಂಡವನ ಹೆಸರೂ ತೈಲಪ, ಆ ಹೆಸರಿನ ಮೂರನೆಯವನು! ಒಬ್ಬ ತೈಲಪನು ಏರಿದ ಮೆಟ್ಟಿಲಿನಿಂದಲೇ ಮತ್ತೊಬ್ಬ ತೈಲಪನನ್ನು ಇಳಿಸಲಾಯಿತು.

ಆ ಬಿಜ್ಜಳನ ಬಳಿಯಲ್ಲಿಯೇ ಭಂಡಾರಿಯಾಗಿದ್ದವರು ಬಾಗೇವಾಡಿಯ ಬಸವಣ್ಣನವರು. ಒಂದೇ ಬಯಲು ಎರಡು ಬಗೆಯ ಕಾಯಕಕ್ಕೆ ನೆಲೆಯಾಯಿತು. ತೈಲಪನೂ ಬಿಜ್ಜಳನೂ ಕಟ್ಟಿದ ರಾಜ್ಯಗಳು ಹನ್ನೆರಡನೆಯ ಶತಮಾನದ ಅಂತ್ಯದೊಳಗೆ ಸೇವುಣ ಹೊಯ್ಸಳರ ಪಾಲಾದವು. ಶರಣರು ಆಡಿದ ಮಾತು ಮನೆಮನೆಯ ನಾಲಗೆಯಲ್ಲಿ ಉಳಿಯಿತು. ಆದಕಾರಣ ಅರಸರ ಕಥೆ ನಿರರ್ಥಕವೆಂದು ತಿಳಿಯಲಾಗದು. ಅವರ ರಾಜ್ಯಗಳು ಅಳಿದರೂ ಅವರು ಬಿಟ್ಟುಹೋದ ಬರಹವಿದೆ. ಶರಣರು ಬಾಳಿದ ಕಾಲದ ನಾಡು, ತೆರಿಗೆ, ಅಗ್ರಹಾರ, ದಾನ, ಅಧಿಕಾರಗಳ ಪರಿಚಯವಾಗುವುದು ಆ ಕಲ್ಬರಹಗಳಿಂದಲೇ. ನರಸಲಗಿಯ ಶಾಸನವಿಲ್ಲದಿದ್ದರೆ ತೈಲಪನ ಮೊದಲ ದಿನಗಳ ಸುಳಿವೂ ನಮಗೆ ಸಿಕ್ಕುತ್ತಿರಲಿಲ್ಲ. ಗುಡಿಯ ಮಗ್ಗುಲಲ್ಲಿ, ಹೊಲದ ಬದುವಿನಲ್ಲಿ ಒರಗಿರುವ ಬರಹದ ಕಲ್ಲು ಕಟ್ಟಡದ ಗೋಡೆ ಸೇರದಂತೆ ನೋಡಿಕೊಳ್ಳುವುದು ಈ ನಾಡಿನ ಊರೂರಿನವರ ಹೊಣೆ.