1987–88ರ ಕಾನ್ಸಸ್ ಜೇಹಾಕ್ಸ್ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ

1987–88ರ ಕಾನ್ಸಸ್ ಜೇಹಾಕ್ಸ್ ತಂಡವು ಅಮೆರಿಕದ ಕಾನ್ಸಸ್ ವಿಶ್ವವಿದ್ಯಾಲಯವನ್ನು ಆ ಋತುವಿನ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಪ್ರತಿನಿಧಿಸಿತು. ಮೊದಲಾರ್ಧದಲ್ಲಿ ಪದೇ ಪದೇ ಎಡವಿದ ಈ ತಂಡವು ಕೊನೆಗೆ ಎನ್‌ಸಿಎಎ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಿತು. ಲ್ಯಾರಿ ಬ್ರೌನ್ ತರಬೇತುದಾರರಾಗಿದ್ದರು.

ಆರಂಭದ ಹಿನ್ನಡೆ

ನವೆಂಬರ್‌ನಲ್ಲಿ ಹವಾಯಿಯ ಮಾವಿ ಪಂದ್ಯಾವಳಿಯಲ್ಲಿ ತಂಡವು ಅಯೋವಾ ಹಾಗೂ ಇಲಿನಾಯ್ ತಂಡಗಳಿಗೆ ಸೋತಿತು. ಡಿಸೆಂಬರ್ ಅಂತ್ಯದಲ್ಲಿ ಆರ್ಚಿ ಮಾರ್ಷಲ್ ಮೊಣಕಾಲಿನ ಗಾಯದಿಂದಾಗಿ ತಂಡದಿಂದ ಹೊರಗುಳಿಯಬೇಕಾಯಿತು. ಮಾರ್ವಿನ್ ಬ್ರಾಂಚ್ ವ್ಯಾಸಂಗದ ಕಾರಣದಿಂದ ಆಡುವ ಅರ್ಹತೆಯನ್ನೇ ಕಳೆದುಕೊಂಡರು. ಜನವರಿ 30ರಂದು ನೆರೆಯ ಕಾನ್ಸಸ್ ಸ್ಟೇಟ್ ತಂಡವು, ಜೇಹಾಕ್ಸ್ ತವರಿನ ಅಂಗಣದಲ್ಲಿ ಸತತವಾಗಿ ಗೆಲ್ಲುತ್ತ ಬಂದಿದ್ದ 55 ಪಂದ್ಯಗಳ ಸರಣಿಯನ್ನು ಮುರಿಯಿತು. ಫೆಬ್ರವರಿ ಆರಂಭದಲ್ಲಿ ತಂಡದ ಲೆಕ್ಕ 12 ಗೆಲುವು, 8 ಸೋಲು.

ಚೇತರಿಕೆ

ತಂಡದಲ್ಲಿ ಡ್ಯಾನಿ ಮ್ಯಾನಿಂಗ್ ಎಂಬ ಅಸಾಧಾರಣ ಆಟಗಾರನಿದ್ದುದರಿಂದ ಸುಧಾರಣೆಯ ಸಾಧ್ಯತೆ ಉಳಿದಿತ್ತು. ಕೊರತೆಯಿದ್ದುದು ಅವರ ಸುತ್ತಲಿನ ಜೋಡಣೆಯಲ್ಲಿ. ಕೆವಿನ್ ಪ್ರಿಚರ್ಡ್ ಪಾಯಿಂಟ್ ಗಾರ್ಡ್ ಹೊಣೆ ಹೊತ್ತರು, ಮಿಲ್ಟ್ ನ್ಯೂಟನ್‌ಗೆ ಹೆಚ್ಚಿನ ಅವಕಾಶ ದೊರೆಯಿತು. ಮುಂದಿನ 18 ಪಂದ್ಯಗಳಲ್ಲಿ ತಂಡವು ಸೋತದ್ದು ಮೂರರಲ್ಲಿ ಮಾತ್ರ.

ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆರನೆಯ ಶ್ರೇಯಾಂಕ ಪಡೆದ ಕಾನ್ಸಸ್‌ಗೆ ಅದೃಷ್ಟವೂ ಒಲಿಯಿತೆನ್ನಬೇಕು: ಅದೇ ವಿಭಾಗದ ಮೊದಲ ಮೂರು ಶ್ರೇಯಾಂಕದ ಪರ್ಡ್ಯೂ, ಪಿಟ್ಸ್‌ಬರ್ಗ್, ನಾರ್ತ್ ಕ್ಯಾರೊಲಿನಾ ಸ್ಟೇಟ್ ತಂಡಗಳನ್ನು ಬೇರೆಯವರೇ ಹೊರದೂಡಿದ್ದರು. ಆದರೆ ಏಪ್ರಿಲ್ 4ರ ಅಂತಿಮ ಪಂದ್ಯದ ಎದುರಾಳಿ ಒಕ್ಲಹೋಮಾ, ಅದೇ ಋತುವಿನಲ್ಲಿ ಕಾನ್ಸಸ್ ತಂಡವನ್ನು ಎರಡು ಬಾರಿ ಸೋಲಿಸಿತ್ತು. ಕಾನ್ಸಸ್ ಸಿಟಿಯ ಕೆಂಪರ್ ಅರೀನಾದಲ್ಲಿ ನಡೆದ ಈ ಪಂದ್ಯ ವಿರಾಮದ ಹೊತ್ತಿಗೆ 50–50ರಲ್ಲಿ ಸಮವಾಗಿತ್ತು. ಅಂತಿಮವಾಗಿ ಕಾನ್ಸಸ್ 83–79ರಿಂದ ಜಯಿಸಿತು. ಮ್ಯಾನಿಂಗ್ 31 ಅಂಕ ಗಳಿಸಿ 18 ರಿಬೌಂಡ್‌ಗಳನ್ನು ಹಿಡಿದರು.

27 ಗೆಲುವು, 11 ಸೋಲುಗಳೊಂದಿಗೆ ತಂಡದ ಋತು ಮುಗಿಯಿತು. ಬ್ರೌನ್ ವೃತ್ತಿಪರ ತಂಡವಾದ ಸ್ಯಾನ್ ಆಂಟೋನಿಯೊ ಸ್ಪರ್ಸ್‌ಗೆ ತೆರಳಿದರು. ನಿಯಮ ಉಲ್ಲಂಘನೆಗಾಗಿ ಎನ್‌ಸಿಎಎ ವಿಧಿಸಿದ ದಂಡನೆಯ ಕಾರಣ, 1989ರ ಪಂದ್ಯಾವಳಿಯಲ್ಲಿ ಕಾನ್ಸಸ್ ತನ್ನ ಪಟ್ಟವನ್ನು ಉಳಿಸಿಕೊಳ್ಳಲು ಆಡುವಂತೆಯೇ ಇರಲಿಲ್ಲ.