ಗಿಡಕ್ಕೆ ಹೆಸರಿದೆ, ಚಿತ್ರ ಬರೆದವನಿಗೆ?

ಏಪ್ರಿಲ್ ಬಂತು ಅಂದ್ರೆ ಬೆಂಗಳೂರಿನ ಅಪ್ಪ-ಅಮ್ಮಂದಿರಿಗೆ ಒಂದೇ ಚಿಂತೆ. ಪರೀಕ್ಷೆ ಮುಗೀತು, ಇನ್ನು ಎರಡು ತಿಂಗಳು ಮಕ್ಕಳನ್ನು ಏನು ಮಾಡೋದು? ಅಜ್ಜಿ ಊರಿಗೆ ಕಳಿಸೋಣ ಅಂದ್ರೆ ಅಜ್ಜಿಯೇ ಊರಿನ ಮನೆಗೆ ಬೀಗ ಹಾಕಿ ಇಲ್ಲಿಗೆ ಬಂದಿರ್ತಾರೆ. ಹಾಗಾಗಿ ಬೇಸಿಗೆ ಶಿಬಿರ. ಕಬ್ಬನ್ ಪಾರ್ಕಿನ ಬಾಲಭವನದಲ್ಲಿ ಮಣ್ಣಿನ ಗೊಂಬೆ ಮಾಡೋದು, ಲಾಲ್‌ಬಾಗಿನಲ್ಲಿ ಮರ ಗುರುತಿಸೋ ನಡಿಗೆ, ತಾರಸಿ ತೋಟದ ಪಾಠ. ಮರದಡಿಯ ನೆರಳಿನಲ್ಲಿ ರಟ್ಟಿಗೆ ಹಾಳೆ ಸಿಕ್ಕಿಸಿಕೊಂಡು ಚಿತ್ರ ಬರೆಯುತ್ತಾ ಕೂತ ಹುಡುಗರು, ಅವರ ಪಕ್ಕದಲ್ಲೇ ನಿವೃತ್ತಿಯಾದ ಮೇಲೆ ಬಣ್ಣ ಹಿಡಿದ ಹಿರಿಯರು. ಇದರ ನಡುವೆ ಮಾವಿನ ಮೇಳವೂ ಬರುತ್ತೆ, ಬಾದಾಮಿ ಮತ್ತು ರಸಪುರಿಯ ವಾಸನೆ ಗೇಟಿನ ತನಕ.

ಇದನ್ನೆಲ್ಲ ನೋಡಿ ಮೂಗು ಮುರಿಯೋರೂ ಇದ್ದಾರೆ. "ತೋಟ ಇರೋದು ಸುಮ್ನೆ ಓಡಾಡೋಕೆ ಕಣ್ರೀ. ಇಲ್ಲೂ ಕ್ಲಾಸು ಶುರು ಮಾಡಿಬಿಟ್ರಾ?" ಅಂತಾರೆ. ಇದು ಈಗಿನ ಕಾಲದ ಶೋಕಿ ಅನ್ನೋದು ಅವರ ತಕರಾರು.

ಆದರೆ ಇತಿಹಾಸ ಬೇರೆಯೇ ಹೇಳುತ್ತೆ. ದಕ್ಷಿಣ ಭಾರತದ ಸಸ್ಯತೋಟಗಳ ಕಥೆಯಲ್ಲಿ ಚಿತ್ರ ಬರೆಯುವವರು ಮತ್ತು ಕಲಿಯುವವರು ಮೊದಲಿನಿಂದಲೂ ಇದ್ದಾರೆ. ಇರದೇ ಹೋದದ್ದು ಅವರ ಹೆಸರುಗಳು ಮಾತ್ರ. ಇವತ್ತಿನ ಮಾತು ಅದರ ಬಗ್ಗೆ.

ಲಾಲ್‌ಬಾಗ್ ಶುರುವಾದದ್ದು 1760ರಲ್ಲಿ, ಹೈದರ್ ಅಲಿಯ ಕಾಲದಲ್ಲಿ. ಆಗ ಅದು ಸುಮಾರು 40 ಎಕರೆ. ಇವತ್ತು 240 ಎಕರೆ. ಟಿಪ್ಪು ಹೊರದೇಶಗಳಿಂದ ಗಿಡ, ಬೀಜ ತರಿಸಿ ಅದನ್ನು ಬೆಳೆಸಿದ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಮರುವರ್ಷವೇ, 1800ರ ಮೇ ತಿಂಗಳ ಬಿಸಿಲಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಬೆಂಗಳೂರಿಗೆ ಬಂದ. ಗೆದ್ದ ನಾಡಿನಲ್ಲಿ ಏನೇನಿದೆ ಅಂತ ಪಟ್ಟಿ ಮಾಡಿಕೊಂಡು ಬಾ ಎಂದು ಈಸ್ಟ್ ಇಂಡಿಯಾ ಕಂಪನಿ ಅವನನ್ನು ಕಳಿಸಿತ್ತು. ಅವನು ಇಲ್ಲಿನ ತೋಟಗಳನ್ನು ನೋಡಿ ಬರೆದಿಟ್ಟದ್ದು ಚೆನ್ನಾಗಿದೆ. ಚೌಕ ಚೌಕವಾದ ಪಾತಿಗಳು, ನಡುವೆ ಕಾಲುದಾರಿ, ದಾರಿಯ ಅಂಚಿಗೆ ಸೈಪ್ರೆಸ್ ಮರಗಳ ಸಾಲು. ಒಂದು ಪಾತಿ ಪೂರ್ತಿ ಗುಲಾಬಿ, ಇನ್ನೊಂದು ಪೂರ್ತಿ ದಾಳಿಂಬೆ. ಒಂದರ ಜಾಗದಲ್ಲಿ ಇನ್ನೊಂದಿಲ್ಲ.

ಆ ಪಾತಿಗಳನ್ನು ಅಗೆದವರು ಯಾರು? ಬೆಂಗಳೂರಿನ ತೋಟಗಾರಿಕೆಯಲ್ಲಿ ತಿಗಳ ಸಮುದಾಯದ ಹೆಸರು ಹಳೆಯದು. ಲಾಲ್‌ಬಾಗನ್ನು ಕಟ್ಟಿದ್ದರಲ್ಲೂ ಅವರ ಕೈಯಿದೆ ಅಂತ ಊರು ಇವತ್ತಿಗೂ ಹೇಳುತ್ತೆ. ಚೈತ್ರದ ಹುಣ್ಣಿಮೆಯ ರಾತ್ರಿ, ಸರಿಯಾಗಿ ಬೇಸಿಗೆಯಲ್ಲೇ, ಧರ್ಮರಾಯನ ಗುಡಿಯಿಂದ ಮಲ್ಲಿಗೆ ಹೊತ್ತ ಕರಗ ಹೊರಡುತ್ತಲ್ಲ, ಅದು ಇದೇ ಜನರ ಹಬ್ಬ. ಆದರೆ ತೋಟದ ಕಡತದಲ್ಲಿ ಉಳಿಯೋದು ಅಗೆಸಿದವರ ಹೆಸರು. ಟಿಪ್ಪುವಿನ ನಂತರ ಉಸ್ತುವಾರಿ ನೋಡಿಕೊಂಡವನು ಕಂಪನಿಯ ಸಸ್ಯತಜ್ಞ ಬೆಂಜಮಿನ್ ಹೈನ್. ಆಮೇಲೆ ಮೇಜರ್ ವಾ. ಇವೆಲ್ಲ ನಮಗೆ ಸಿಗುತ್ತವೆ.

ಈಗ ಚಿತ್ರದ ವಿಷಯಕ್ಕೆ ಬರೋಣ. ಸಸ್ಯತಜ್ಞರಿಗೆ ಚಿತ್ರಗಾರ ಯಾಕೆ ಬೇಕಿತ್ತು?

ಕಾರಣ ತುಂಬಾ ಸರಳ. ಹೊಸ ಗಿಡ ಸಿಕ್ಕರೆ ಅದರ ಕೊಂಬೆಯೊಂದನ್ನು ಕಾಗದದ ನಡುವೆ ಒತ್ತಿ ಒಣಗಿಸಿ ಇಡುತ್ತಾರೆ. ಎಲೆ ಉಳಿಯುತ್ತೆ, ನರ ಉಳಿಯುತ್ತೆ. ಬಣ್ಣ ಮಾತ್ರ ಉಳಿಯಲ್ಲ. ಹಳದಿ ಕಕ್ಕೆ ಹೂ ಒಣಗಿದ ಮೇಲೆ ಕಂದು, ಕೆಂಪು ಗುಲ್‌ಮೊಹರ್ ಒಣಗಿದ ಮೇಲೂ ಹೆಚ್ಚುಕಮ್ಮಿ ಕಂದು. ಆರ್ಕಿಡ್‌ನಂಥ ಮೆತ್ತನೆಯ ಹೂವಿನ ಆಕಾರವೇ ಕೆಟ್ಟುಹೋಗುತ್ತೆ. ಫೋಟೊ ಇಲ್ಲದ ಕಾಲ. ಲಂಡನ್ನಿನಲ್ಲೋ ಎಡಿನ್‌ಬರೋದಲ್ಲೋ ಕೂತ ಪಂಡಿತನಿಗೆ ಗಿಡ ಬದುಕಿದ್ದಾಗ ಹೇಗಿತ್ತು ಅಂತ ತೋರಿಸಬೇಕಾದರೆ ಒಂದೇ ದಾರಿ, ಅದು ಬಾಡೋ ಮೊದಲು ಬಣ್ಣದಲ್ಲಿ ಬರೆಯೋದು.

ಬೇಸಿಗೆಯಲ್ಲಿ ಇದು ಇನ್ನೂ ಕಷ್ಟ. ಬೆಳಗ್ಗೆ ಕಿತ್ತ ಹೂ ಮಧ್ಯಾಹ್ನಕ್ಕೆ ಸೊರಗಿರುತ್ತೆ. ಅದಕ್ಕೇ ಹಳೆಯ ಸಸ್ಯಚಿತ್ರಗಳನ್ನು ನೋಡಿದರೆ ಒಂದು ಜಾಣತನ ಕಾಣುತ್ತೆ. ಎಷ್ಟೋ ಕಡೆ ಒಂದೆರಡು ಎಲೆಗೆ ಮಾತ್ರ ಪೂರ್ತಿ ಬಣ್ಣ ತುಂಬಿ, ಉಳಿದದ್ದನ್ನು ಬರೀ ಗೆರೆಯಲ್ಲಿ ಬಿಟ್ಟಿರುತ್ತಾರೆ. ಎಲೆಯ ಬಣ್ಣ ಗೊತ್ತಾಯಿತಲ್ಲ, ಅಷ್ಟು ಸಾಕು. ಹಾಳೆಯ ಕೆಳಗೆ ಹೂವನ್ನು ಸೀಳಿ ಕೇಸರ, ಅಂಡಾಶಯ, ಬೀಜ ಎಲ್ಲವನ್ನೂ ದೊಡ್ಡದು ಮಾಡಿ ಬರೆದಿರುತ್ತಾರೆ. ಇದು ಸುಂದರವಾಗಿ ಕಾಣಲಿ ಅಂತ ಬರೆದದ್ದಲ್ಲ, ಸಾಕ್ಷಿಗೆ ಅಂತ ಬರೆದದ್ದು. ಎಷ್ಟೋ ಗಿಡಗಳ ವೈಜ್ಞಾನಿಕ ಹೆಸರಿಗೆ ಕೊನೆಗೆ ಉಳಿದಿರುವ ಆಧಾರವೇ ಹಳೆಯ ಚಿತ್ರ. ಒಣಗಿಸಿಟ್ಟ ಮಾದರಿ ಕಳೆದುಹೋದರೂ "ಇದೇ ಆ ಗಿಡ" ಅಂತ ಕೈತೋರಿಸುವ ಕೆಲಸವನ್ನು ಚಿತ್ರ ಮಾಡುತ್ತೆ.

ಇಂಥ ಸಾಕ್ಷಿಗಳನ್ನು ಬರೆದವರು ಬಹುಪಾಲು ನಮ್ಮ ಕಡೆಯವರೇ. ಮದ್ರಾಸ್ ಪ್ರಾಂತ್ಯದಲ್ಲಿ ರಾಬರ್ಟ್ ವೈಟ್ ಎಂಬ ವೈದ್ಯನಿದ್ದ. ಅವನು 1838ರಿಂದ 1853ರವರೆಗೆ ಆರು ಸಂಪುಟಗಳಲ್ಲಿ ಪ್ರಕಟಿಸಿದ ಸಸ್ಯಚಿತ್ರಗಳ ಸಂಖ್ಯೆ 2,101. ಅವನ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ ಇಬ್ಬರು ಚಿತ್ರಗಾರರು ರಂಗಯ್ಯ ಮತ್ತು ಗೋವಿಂದು. ದೇವರ ಪಟ ಬರೆಯುವುದರಲ್ಲಿ ಹೆಸರಾದ ತಂಜಾವೂರಿನ ಕಡೆಯ ತೆಲುಗು ರಾಜು ಜನ ಇವರು. ಕೃಷ್ಣನಿಗೆ ಚಿನ್ನದ ರೇಕು ಹಚ್ಚುವ ಸಂಪ್ರದಾಯದವರು ಆರ್ಕಿಡ್ಡಿನ ಕೇಸರ ಎಣಿಸಿ ಬರೆದರು. ವೈಟ್ ಒಳ್ಳೆಯ ಮನುಷ್ಯನೇ. ಗೋವಿಂದುವಿನ ನೆನಪಿಗೆ ಒಂದು ಆರ್ಕಿಡ್ ಕುಲಕ್ಕೆ "ಗೋವಿಂದೂಯಾ" ಅಂತ ಹೆಸರಿಟ್ಟ. ಒಬ್ಬ ಭಾರತೀಯ ಚಿತ್ರಗಾರನಿಗೆ ಆ ಕಾಲದಲ್ಲಿ ಅದು ಸಣ್ಣ ಗೌರವವಲ್ಲ. ಆದರೆ ನಂತರದ ವಿಜ್ಞಾನಿಗಳು ಆ ಗಿಡ ಮೊದಲೇ ಇದ್ದ ಟ್ರೋಪಿಡಿಯಾ ಕುಲಕ್ಕೆ ಸೇರಿದ್ದು ಅಂದರು. ನಿಯಮದ ಪ್ರಕಾರ ಅದು ಸರಿ. ಗೋವಿಂದುವಿನ ಹೆಸರು ಮಾತ್ರ ಬಳಕೆಯಿಂದ ಜಾರಿತು.

ಹೆಸರು ಸಿಕ್ಕು ಜಾರಿಹೋದವನ ಕಥೆ ಇದು. ಹೆಸರೇ ಸಿಗದವನ ಕಥೆ ನಮ್ಮ ಶಿವಮೊಗ್ಗದ್ದು.

ಹ್ಯೂ ಕ್ಲೆಗಾರ್ನ್ ಎಂಬ ಹೆಸರು ಕೇಳಿರಬಹುದು. 1820ರಲ್ಲಿ ಮದ್ರಾಸಿನಲ್ಲೇ ಹುಟ್ಟಿ, ಎಡಿನ್‌ಬರೋದಲ್ಲಿ ವೈದ್ಯ ಓದಿ ವಾಪಸ್ ಬಂದವನು. 1840ರ ದಶಕದಲ್ಲಿ ಮೈಸೂರು ಸೀಮೆಯ ಶಿವಮೊಗ್ಗದಲ್ಲಿ ಕೆಲಸ. ದಿನಕ್ಕೊಂದು ಗಿಡವನ್ನು ಚೆನ್ನಾಗಿ ನೋಡಬೇಕು ಅನ್ನೋ ವ್ರತ ಹಿಡಿದಿದ್ದ. ನೋಡಿದ ಗಿಡವನ್ನು ಬರೆಯೋಕೆ ಒಬ್ಬ ಮರಾಠಿ ಚಿತ್ರಗಾರನನ್ನು ಇಟ್ಟುಕೊಂಡ. ದಿನ ಬೆಳಗಾದರೆ ಒಂದು ಗಿಡ, ಒಂದು ಚಿತ್ರ. ಆ ಚಿತ್ರಗಳು ಇವತ್ತು ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್ನಿನಲ್ಲಿ ಜೋಪಾನವಾಗಿವೆ, ಅವುಗಳ ಮೇಲೆ ದೊಡ್ಡ ಪುಸ್ತಕವೂ ಬಂದಿದೆ. ಬರೆದವನು ಮಾತ್ರ ಅಲ್ಲಿ "ಮರಾಠಿ ಚಿತ್ರಗಾರ", ಅಷ್ಟೇ. ಮಲೆನಾಡಿನ ಬಿಸಿಲು ಮಳೆಯಲ್ಲಿ ಅಷ್ಟು ದಿನ ಅಷ್ಟು ಗಿಡ ಬರೆದವನ ಮನೆಯವರು ಅವನನ್ನು ಏನಂತ ಕರೀತಿದ್ದರು? ಹೇಳೋಕೆ ಯಾರೂ ಉಳಿದಿಲ್ಲ.

ಮುಂದೆ ಕ್ಲೆಗಾರ್ನ್ ಮದ್ರಾಸಿಗೆ ಹೋದ. ವೈಟ್ ಊರಿಗೆ ಮರಳಿದ ಮೇಲೆ ಗೋವಿಂದು ಇವನ ಬಳಿ ಕೆಲಸ ಮಾಡಿದ. ಅದೇ ಊರಿನಲ್ಲಿ 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಚಿತ್ರಕಲೆಯ ಶಾಲೆ ಶುರು ಮಾಡಿದ್ದ. ಅಲ್ಲಿನ ವಿದ್ಯಾರ್ಥಿಗಳೂ ಕ್ಲೆಗಾರ್ನನಿಗಾಗಿ ಗಿಡ ಬರೆದರು. ನೋಡಿ, ಗಿಡವನ್ನು ಮುಂದಿಟ್ಟುಕೊಂಡು ನಡೆಯುವ ಡ್ರಾಯಿಂಗ್ ಕ್ಲಾಸು ನೂರ ಎಪ್ಪತ್ತು ವರ್ಷದ ಹಿಂದೆಯೇ ನಡೆದಿತ್ತು.

ಈ ಕ್ಲೆಗಾರ್ನನಿಂದಲೇ ಕಥೆ ಮತ್ತೆ ಲಾಲ್‌ಬಾಗಿಗೆ ಬರುತ್ತೆ. ಕೈಯಿಂದ ಕೈಗೆ ಹೋಗಿ ಸೊರಗಿದ್ದ ತೋಟವನ್ನು ಸರ್ಕಾರಿ ಸಸ್ಯತೋಟ ಮಾಡಿ ಅಂತ ಶಿಫಾರಸು ಮಾಡಿದವನು ಅವನು. 1856ರಲ್ಲಿ ಅದು ಆಯಿತು. ಎರಡು ವರ್ಷದ ಮೇಲೆ ಲಂಡನ್ನಿನ ಕ್ಯೂ ತೋಟದಿಂದ ವಿಲಿಯಂ ನ್ಯೂ ಬಂದ. 1874ರಲ್ಲಿ ಜಾನ್ ಕ್ಯಾಮರಾನ್ ಬಂದ. ಗಾಜಿನಮನೆಗೆ 1889ರ ನವೆಂಬರ್ 30ರಂದು ಶಂಕುಸ್ಥಾಪನೆ ಆದದ್ದು ಅವನ ಕಾಲದಲ್ಲೇ.

ಅದೇ ಕಾಲದಲ್ಲಿ ತೋಟದೊಳಗೆ ಕೂತು ಗಿಡಗಳನ್ನು ಜಲವರ್ಣದಲ್ಲಿ ಬರೆಯುತ್ತಿದ್ದವರು ಚೆಲುವಯ್ಯ ರಾಜು. ಲಾಲ್‌ಬಾಗಿನ ಸಂಗ್ರಹದಲ್ಲಿ ಅವರು ಬರೆದ ನೂರಾರು ಚಿತ್ರಗಳಿವೆ. ಇಲ್ಲಿ ಬೆಳೆದ, ಹೊರದೇಶದಿಂದ ಬಂದು ಇಲ್ಲಿ ಬೇರು ಬಿಟ್ಟ ಗಿಡಗಳು. ನಮ್ಮ ಪುಣ್ಯ, ಇವರ ಹೆಸರು ಉಳಿದಿದೆ. ಆದರೆ ಗಾಜಿನಮನೆ ಮುಂದೆ ನಿಂತು ಸೆಲ್ಫಿ ತೆಗೆಯುವ ಹತ್ತು ಜನರನ್ನು ಕೇಳಿ. ಕ್ರುಂಬಿಗಲ್ ಅಂದರೆ ಇಬ್ಬರು ತಲೆಯಾಡಿಸಬಹುದು. ಚೆಲುವಯ್ಯ ಅಂದರೆ?

ಕ್ರುಂಬಿಗಲ್ ಹೆಸರು ಉಳಿದದ್ದು ನ್ಯಾಯವೇ. ಜರ್ಮನಿಯಲ್ಲಿ ಹುಟ್ಟಿ, ಕ್ಯೂನಲ್ಲಿ ಪಳಗಿ, ಬರೋಡಾ ಮಹಾರಾಜರಲ್ಲಿ ಕೆಲಸ ಮಾಡಿ, 1908ರಲ್ಲಿ ಬೆಂಗಳೂರಿಗೆ ಬಂದ ಮನುಷ್ಯ. ಒಂದು ಮರದ ಹೂ ಉದುರುವಷ್ಟರಲ್ಲಿ ಇನ್ನೊಂದು ಅರಳಲಿ ಅಂತ ಬೀದಿ ಮರಗಳನ್ನು ಆರಿಸಿದ್ದು ಅವನೇ ಅಂತಾರೆ. ಮಾರ್ಚಿನಲ್ಲಿ ಜಕರಾಂಡದ ನೇರಳೆ, ಮೇನಲ್ಲಿ ಗುಲ್‌ಮೊಹರ್ ಕೆಂಪು, ಇದನ್ನು ನಾವು ಇನ್ನೂ ಅನುಭವಿಸ್ತಿದ್ದೀವಿ. 1932ರಲ್ಲಿ ಅವನು ನಿವೃತ್ತನಾದ ಮೇಲೆ ಚುಕ್ಕಾಣಿ ಎಚ್. ಸಿ. ಜವರಾಯರ ಕೈಗೆ ಬಂತು. ಆ ಹೊತ್ತಿಗೆ ಲಾಲ್‌ಬಾಗ್ ಬರೀ ನೋಡುವ ತೋಟವಾಗಿ ಉಳಿದಿರಲಿಲ್ಲ, ಕಲಿಸುವ ತೋಟವೂ ಆಗಿತ್ತು. ತೋಟಗಾರಿಕೆಯ ಪಾಠ ನಡೆಯುತ್ತಿದ್ದ ಹಳೆಯ ಉಪನ್ಯಾಸ ಮಂದಿರಕ್ಕೆ ಕ್ರುಂಬಿಗಲ್ ಹಾಲ್ ಅಂತಲೇ ಹೆಸರಾಯಿತು. ಆ ಹಳೆಯ ಕಟ್ಟಡ ರಿಪೇರಿ ಕಾಣದೆ ಕಾಣದೆ 2017ರಲ್ಲಿ ಕುಸಿದು ಹೋಯಿತು. ಗೋಡೆ ಬಿದ್ದಾಗ ಪತ್ರಿಕೆಗಳಲ್ಲಿ ಸುದ್ದಿ ಬಂತು. ಕಾಗದ ನುಸಿ ಹಿಡಿದರೆ ಸುದ್ದಿ ಕೂಡ ಆಗಲ್ಲ.

ನನಗೆ ಚಿಂತೆ ಇರೋದು ಅಲ್ಲಿ. ತೋಟವೊಂದು ಏನನ್ನು ನೆನಪಿಟ್ಟುಕೊಳ್ಳುತ್ತೆ ಅನ್ನೋದು ತಾನಾಗೇ ಆಗೋ ಸಂಗತಿಯಲ್ಲ. ಲಾಲ್‌ಬಾಗಿನ ಮರಗಳಿಗೆ ಹೊಡೆದಿರೋ ಫಲಕ ನೋಡಿ. ಗಿಡದ ಲ್ಯಾಟಿನ್ ಹೆಸರು, ಎಷ್ಟೋ ಸಲ ಹೆಸರಿಟ್ಟ ವಿಜ್ಞಾನಿಯ ಮೊದಲಕ್ಷರವೂ ಇರುತ್ತೆ. ಸ್ವೀಡನ್ನಿನಲ್ಲಿ ಕೂತು, ಈ ನೆಲ ಕಾಲಲ್ಲಿ ಮೆಟ್ಟದ ಲಿನ್ನೇಯಸ್ ನಮ್ಮ ಎಷ್ಟೋ ಮರಗಳ ಫಲಕಗಳಲ್ಲಿ ಇದ್ದಾನೆ. ಇರಲಿ, ಅದು ಅವನ ದುಡಿಮೆ. ಆದರೆ ಅದೇ ಮರದ ಕೆಳಗೆ ಬೆವರು ಒರೆಸಿಕೊಂಡು ಅದರ ಹೂ ಬರೆದವನು, ಪಾತಿ ಅಗೆದವನು ಯಾಕಿಲ್ಲ? ಸಂಬಳಕ್ಕೆ ಬರೆದವನು ಕಲಾವಿದ ಅಲ್ಲ, ಆಳು, ಅಂತ ಅಂದುಕೊಂಡದ್ದರಿಂದ. ಹೆಸರು ಕೇಳಿ ಬರೆದುಕೊಳ್ಳೋಕೆ ಅರ್ಧ ನಿಮಿಷ ಸಾಕಿತ್ತು. ಆ ಅರ್ಧ ನಿಮಿಷ ಕೊಡಲಿಲ್ಲ.

ಈಗ ಪರಿಸ್ಥಿತಿ ಸ್ವಲ್ಪ ಬದಲಾಗಿದೆ. ಲಾಲ್‌ಬಾಗಿನಲ್ಲಿ ಬಿದ್ದ ಹಳೆಯ ಮರಗಳ ಕಾಂಡದಲ್ಲಿ ನಮ್ಮ ಶಿಲ್ಪಿಗಳು ಕೆತ್ತಿದ ಮೂರ್ತಿಗಳು ನಿಂತಿವೆ. ಹೋದಾಗ ಮೂರ್ತಿಯ ಫೋಟೊ ಮಾತ್ರ ತೆಗೀಬೇಡಿ. ಕೆತ್ತಿದವರು ಯಾರು ಅಂತ ಅಲ್ಲೇ ಯಾರನ್ನಾದರೂ ಕೇಳಿ. ಉತ್ತರ ಸಿಗದಿದ್ದರೆ ಮತ್ತೆ ಕೇಳಿ. ಕೇಳೋರು ಹೆಚ್ಚಾದರೆ ಫಲಕ ಬರುತ್ತೆ.

ಇನ್ನು ಶಿಬಿರಕ್ಕೆ ಮಕ್ಕಳನ್ನು ಕಳಿಸೋರಿಗೆ ಒಂದು ಮಾತು. ಮಗು ಕಕ್ಕೆ ಹೂವಿನ ಚಿತ್ರ ಬರೆದುಕೊಂಡು ಬಂದರೆ "ಚೆನ್ನಾಗಿದೆ ಪುಟ್ಟ" ಅಂತ ಫ್ರಿಜ್ಜಿಗೆ ಅಂಟಿಸಿ ಸುಮ್ಮನಾಗಬೇಡಿ. ಹಾಳೆಯ ಮೂಲೆಯಲ್ಲಿ ನಾಲ್ಕು ವಿಷಯ ಬರೆಸಿ. ಗಿಡದ ಹೆಸರು ಕನ್ನಡದಲ್ಲಿ, ನೋಡಿದ ಜಾಗ, ತಾರೀಖು, ಬರೆದವರ ಹೆಸರು. ತಾರೀಖು ಯಾಕೆ ಅಂದ್ರೆ, ಈ ವರ್ಷ ಕಕ್ಕೆ ಯಾವಾಗ ಅರಳಿತು, ಹತ್ತು ವರ್ಷದ ನಂತರ ಯಾವಾಗ ಅರಳುತ್ತೆ ಅಂತ ಹೋಲಿಸೋಕೆ ಅಂಥ ಹಾಳೆಯೇ ಬೇಕು. ಬಿಸಿಲು ಏರುತ್ತಿರುವ ಊರಿಗೆ ಅದು ಸಣ್ಣ ದಾಖಲೆಯಲ್ಲ. ಹೆಸರು ಯಾಕೆ ಅಂತ ಇಷ್ಟು ಹೊತ್ತು ಹೇಳಿದ್ದೇ ಅದು.

ಮಗುವಿಗೆ ಕಲಿಸುವ ಮೇಷ್ಟ್ರ ಹೆಸರನ್ನೂ ಹಿಂಬದಿಯಲ್ಲಿ ಬರೆಸಿದರೆ ತಪ್ಪೇನಿಲ್ಲ. ಪಾತಿಗೆ ನೀರು ಬಿಡುತ್ತಿರುವ ಮಾಲಿಯ ಹೆಸರನ್ನು ಮಗುವೇ ಹೋಗಿ ಕೇಳಿಕೊಂಡು ಬಂದರೆ ಇನ್ನೂ ಒಳ್ಳೆಯದು. ಶಿವಮೊಗ್ಗದ ಆ ಚಿತ್ರಗಾರನಿಗೆ ಸಿಗದ ಅರ್ಧ ನಿಮಿಷವನ್ನು ನಾವು ಇವರಿಗಾದರೂ ಕೊಡಬಹುದು.